ಕುರ್ಚಿ ಬಿಡುವ ಮುನ್ನ ಕಮಿಟ್

೨೦೦೬ರ ಫೆಬ್ರವರಿ ೬, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಶಿವಮೊಗ್ಗದ ಕೋಟೆ ಠಾಣೆಗೆ ಒಂದು ದೂರು ಬಂತು. ಕಳುವಾದದ್ದು ಏನು ಎಂದು ಬರೆಯಬೇಕಾದ ಜಾಗದಲ್ಲಿ ದೂರುದಾರಳು "ಅಜ್ಜಿಯ ಧ್ವನಿ" ಎಂದು ಬರೆದಿದ್ದಳು.

ಇನ್ಸ್‌ಪೆಕ್ಟರ್ ಮೂರ್ತಪ್ಪ ಅದನ್ನು ಎರಡು ಸಲ ಓದಿದರು. ಬೈಕು, ಅಡಿಕೆ ಮೂಟೆ, ಮಾಂಗಲ್ಯ ಸರ ಹೋದ ದೂರುಗಳಲ್ಲೇ ಸರ್ವಿಸು ಸವೆಸಿದವರು ಅವರು. ಧ್ವನಿ ಹೋದರೆ ಯಾವ ಕಲಂ ಹಾಕಬೇಕು ಸ್ವಾಮಿ?

"ಏನಮ್ಮ ಇದು? ಬಿಡಿಸಿ ಹೇಳು."

ದೂರುದಾರಳು ಕೋಟೆ ಬೀದಿಯ ಸೌಂದರ್ಯ, ಬಿ.ಎಡ್. ವಿದ್ಯಾರ್ಥಿನಿ. "ಸರ್, ನಮ್ಮಜ್ಜಿ ಶಂಕರಮ್ಮ ಸೋಬಾನೆ ಪದ, ಬೀಸೋ ಪದ ಹೇಳ್ತಿದ್ರು. ಅಜ್ಜ ಅದನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿಸಿದ್ರು. ಈಗ ಅಜ್ಜ ಇಲ್ಲ. ಅಜ್ಜಿಗೂ ಗಂಟಲು ಆಪರೇಷನ್ ಆಗಿ ಬರೀ ಪಿಸುಮಾತು. ಹಾಡುಗಳನ್ನ ವೆಬ್‌ಸೈಟಿಗೆ ಹಾಕ್ಸಿದ್ವಿ. ಶನಿವಾರ ಯಾರೋ ಒಂದೂ ಬಿಡದ ಹಾಗೆ ಅಳಿಸಿಬಿಟ್ಟಿದ್ದಾರೆ."

"ಕ್ಯಾಸೆಟ್ ಇದೆಯಲ್ಲ?"

"ಬೂಷ್ಟು ಹಿಡಿದಿದ್ವು ಸರ್. ಕಂಪ್ಯೂಟರಿಗೆ ಹಾಕೋವಾಗ್ಲೇ ಟೇಪೆಲ್ಲ ತುಂಡಾಗೋದ್ವು."

ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದ ಶಂಕರಮ್ಮ ಕೈಯೆತ್ತಿ ಕರೆದರು. ಮೂರ್ತಪ್ಪ ಬಗ್ಗಿ ಕಿವಿ ಕೊಡಬೇಕಾಯಿತು. "ಸಿಗುತ್ತೇನಪ್ಪ?" ಎಂದರು ಅವರು, ಉಸಿರಿನಲ್ಲೇ.

"ಹುಡುಕ್ತೀವಿ ಅಜ್ಜಿ" ಎಂದವರೇ ಮೂರ್ತಪ್ಪ ಎಫ್‌ಐಆರ್ ಬರೆಸಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆ, ಕಲಂ ೬೬. ಕಾಯ್ದೆಯ ಪ್ರಕಾರ ತನಿಖಾಧಿಕಾರಿ ಡಿವೈಎಸ್ಪಿ ಸಾಹೇಬರು. ಓಡಾಟವೆಲ್ಲ ಮೂರ್ತಪ್ಪನವರದು ಮತ್ತು ಕಂಪ್ಯೂಟರ್ ಕೋರ್ಸು ಮಾಡಿದ್ದ ಒಂದೇ ಕಾರಣಕ್ಕೆ ಈ ಕೇಸಿಗೆ ಸಿಕ್ಕಿಬಿದ್ದ ಹೆಡ್ ಕಾನ್‌ಸ್ಟೇಬಲ್ ಶಾಮಲಾಳದು.

ವೆಬ್‌ಸೈಟು ಮಾಡಿದ ಕಚೇರಿ ಬಸ್ ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲೆ. ಮಾಲೀಕ ರೇಣುಕಾಪ್ರಸಾದ್ ಗರಿಗರಿ ಅಂಗಿಯ ಮನುಷ್ಯ. ತಾನು ತೊಂದರೆಯಲ್ಲಿದ್ದೇನೆ ಎನ್ನುವುದಕ್ಕಿಂತ ತನ್ನ ಕೆಲಸವನ್ನು ಹೊಗಳಿಕೊಳ್ಳಲು ಜನ ಸಿಕ್ಕರಲ್ಲ ಎಂಬ ಹುರುಪೇ ಹೆಚ್ಚಿತ್ತು.

"ಎಷ್ಟು ಕ್ಲೀನಾಗಿ ಮಾಡ್ಸಿದ್ದೆ ಗೊತ್ತಾ ಸರ್! ಹಾಡಿನ ಮಧ್ಯೆ ಗಂಡಸಿನ ಕೆಮ್ಮು, ಮಾತು, ಎಲ್ಲಾ ಕಟ್ ಮಾಡಿಸಿದ್ದೆ. ಇದು ಯಾರೋ ಫಾರಿನ್ ಹ್ಯಾಕರ್‌ದೇ ಕೆಲಸ."

"ಸರ್ವರ್ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಆಫೀಸಲ್ಲಿ ಎಲ್ರಿಗೂ ಗೊತ್ತು."

ಫಾರಿನ್‌ನವನಿಗೆ ಯಾಕೆ ಕಷ್ಟ ಕೊಡಬೇಕು ಎಂದುಕೊಂಡರು ಮೂರ್ತಪ್ಪ.

ಶಾಮಲಾಳ ಕಣ್ಣು ಗೋಡೆಯ ಮೇಲಿನ ದಪ್ಪಕ್ಷರದ ಬರಹಕ್ಕೆ ಹೋಗಿತ್ತು: "ಕುರ್ಚಿ ಬಿಡುವ ಮುನ್ನ ಕಮಿಟ್. ತಪ್ಪಿದರೆ ಎಲ್ಲರಿಗೂ ಮಿರ್ಚಿ."

"ಇದೇನ್ರಿ?"

ಮೂಲೆಯ ಮೇಜಿನಿಂದ ಒಬ್ಬ ಹುಡುಗ ನಕ್ಕ. ಮಧು, ಇಪ್ಪತ್ನಾಲ್ಕರ ವಯಸ್ಸು, ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವವನು. "ನಮ್ಮ ಫೈಲೆಲ್ಲ ಒಂದು ಉಗ್ರಾಣದಲ್ಲಿ ಇರ್ತಾವೆ ಮೇಡಂ, ರೆಪಾಸಿಟರಿ ಅಂತ. ಮಾಡಿದ ಕೆಲಸನ ಅದಕ್ಕೆ ಒಪ್ಪಿಸೋದೇ ಕಮಿಟ್. ಒಂದ್ಸಲ ಒಪ್ಪಿಸಿದ್ರೆ ಮುಗೀತು. ಆಮೇಲೆ ಯಾರೇ ಅಳಿಸ್ಲಿ, ಹಳೇದು ಒಳಗೆ ಹಾಗೇ ಇರುತ್ತೆ. ಮರೆತು ಎದ್ದವನು ಸಂಜೆ ಎಲ್ರಿಗೂ ಮಿರ್ಚಿ-ಮಂಡಕ್ಕಿ ಕೊಡಿಸ್ಬೇಕು."

"ನೀನು ಎಷ್ಟು ಸಲ ಕೊಡ್ಸಿದ್ದೀಯ?"

"ಅಯ್ಯೋ, ನಾನೇ ಜಾಸ್ತಿ! ಆಮೇಲೆ ರೋಸಿಹೋಗಿ ಒಂದು ಸ್ಕ್ರಿಪ್ಟ್ ಬರ್ಕೊಂಡೆ. ಮನೇಲಿ ಕೂತಿದ್ರೂ ಸರಿ, ವೆಬ್ಬಿಂದ ಫೈಲು ಇಳಿಸೋದು, ಆಫೀಸಿನ ಉಗ್ರಾಣಕ್ಕೆ ಸೇರ್ಸೋದು, ಕಮಿಟ್ ಮಾಡೋದು, ಮೂರೂ ಒಂದೇ ಆಜ್ಞೆಲಿ."

"ಮತ್ತೆ ಅಜ್ಜಿ ಹಾಡು ಉಗ್ರಾಣದಲ್ಲಿ ಇರ್ಬೇಕಲ್ಲ?"

ಹುಡುಗನ ನಗು ಇಳಿಯಿತು. ರೇಣುಕಾಪ್ರಸಾದ್ ನಡುವೆ ಬಾಯಿ ಹಾಕಿದರು. "ಹಾಡಿನ ಫೈಲು ದಪ್ಪ, ಅಲ್ಲಿ ತುಂಬಬೇಡಿ ಅಂತ ನಾನೇ ಹೇಳಿದ್ದೆ ಮೇಡಂ. ಸರ್ವರಿಗೆ ಏರಿಸಿದ್ಮೇಲೆ ಇಲ್ಲಿದ್ದ ಕಾಪಿನೂ ತೆಗೆಸಿಬಿಟ್ಟಿದ್ದೆ."

ಮಂಗಳವಾರ ಮಧ್ಯಾಹ್ನ ಸರ್ವರ್ ಕಂಪನಿಯಿಂದ ದಾಖಲೆ ಬಂತು. ಶಾಮಲಾ ಓದುತ್ತಾ ಓದುತ್ತಾ ಕುರ್ಚಿಯಿಂದ ಎದ್ದೇಬಿಟ್ಟಳು.

"ಸರ್! ಅಳಿಸಿದವನು ಅದಕ್ಕೆ ಮುಂಚೆ ಎಲ್ಲಾ ಹಾಡನ್ನೂ ಇಳಿಸ್ಕೊಂಡಿದ್ದಾನೆ! ಡಬ್ಲ್ಯುಗೆಟ್ ಅಂತ ಬಿದ್ದಿದೆ ನೋಡಿ. ಮೌಸ್ ಒತ್ತೋರು ಬಳಸೋದಲ್ಲ ಇದು, ಕಪ್ಪು ಪರದೆ ಮೇಲೆ ಆಜ್ಞೆ ಟೈಪ್ ಮಾಡೋರ ಸಾಮಾನು. ಕಾಪಿ ಎಲ್ಲೋ ಇದೆ ಸರ್!"

ಟೆಲಿಫೋನ್ ಕಚೇರಿಯವರು ದಾಖಲೆಯಲ್ಲಿದ್ದ ಇಂಟರ್ನೆಟ್ ಸಂಪರ್ಕದ ಸಂಖ್ಯೆಯನ್ನು ಹಿಡಿದು ವಿಳಾಸ ಕೊಟ್ಟರು. ಭದ್ರಾವತಿ, ಜನ್ನಾಪುರ. ಮಧುವಿನ ಮನೆ.

ಜೀಪು ಭದ್ರಾವತಿ ರಸ್ತೆ ಹಿಡಿಯಿತು. ಮೂರ್ತಪ್ಪ ಇಬ್ಬರು ಪಂಚರ ಜೊತೆ ಒಳಗೆ ಹೋದಾಗ ಮಧುವಿನ ತಂದೆ, ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದವರು, ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಡುವುದನ್ನೂ ಮರೆತು ನಿಂತರು. ಅಂದು ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದ ಮಧುವಿನ ಕಂಪ್ಯೂಟರನ್ನು ಶಾಮಲಾ ತೆರೆದಳು. ಖಾಲಿ! ಹೊಸದಾಗಿ ಕೊಂಡದ್ದರ ಹಾಗೆ ಬೋಳು.

"ಎಲ್ಲೋ ಹಾಡು?" ಎಂದರು ಮೂರ್ತಪ್ಪ.

ಮಧು ಅಪ್ಪನ ಕಡೆ ನೋಡಿದ.

"ಮಧು, ಇಳಿಸ್ಕೊಂಡಿದ್ದು ನಿನ್ನ ಮನೆ ಲೈನಲ್ಲಿ. ನೀನೇ ತಾನೇ?"

ಮಧು ಗೋಡೆಗೆ ಒರಗಿ ನೆಲದ ಮೇಲೆ ಕೂತ. "ನಾನೇ ಸರ್. ಅಳಿಸಿದ್ದೂ ನಾನೇ. ಕಾಪಿ ಇಟ್ಕೊಂಡಿದ್ದೆ, ದೇವರಾಣೆ. ನಿನ್ನೆ ನೀವು ಆಫೀಸಿಗೆ ಬಂದ್ರಲ್ಲ, ಜೀವ ಹಾರಿಹೋಯ್ತು. ಮನೆಗೆ ಬಂದವನೇ ಫಾರ್ಮ್ಯಾಟ್ ಮಾಡ್ಬಿಟ್ಟೆ. ಎಲ್ಲಾ ಹೋಯ್ತು."

ಕಳ್ಳ ಸಿಕ್ಕಿದ್ದ, ಮಾಲು ಹೋಗಿತ್ತು. ಇಂಥ ಗೆಲುವನ್ನು ತೆಗೆದುಕೊಂಡು ಮೂರ್ತಪ್ಪ ಏನು ಮಾಡಬೇಕು? ಬೆಂಚಿನ ಮೇಲಿನ ಆ ಮುದುಕಿಗೆ ಯಾವ ಬಾಯಲ್ಲಿ ಹೇಳುವುದು? ಅವರು ಸಿಟ್ಟಿನಿಂದ ಮೇಜಿಗೆ ಗುದ್ದಿದರು.

ಶಾಮಲಾ ಮಾತ್ರ ಖಾಲಿ ಪರದೆಯನ್ನೇ ನೋಡುತ್ತಿದ್ದಳು.

"ಮಧು, ಶನಿವಾರ ಯಾವ ಆಜ್ಞೆ ಕೊಟ್ಟು ಇಳಿಸ್ದೆ?"

"ದಿನಾ ಕೊಡೋದೇ ಮೇಡಂ. ನನ್ನ ಸ್ಕ್ರಿಪ್ಟು."

"ಮಿರ್ಚಿ ತಪ್ಪಿಸ್ಕೊಳ್ಳೋಕೆ ಬರೆದಿದ್ಯಲ್ಲ, ಅದಾ?"

"ಹೂಂ. ಒತ್ತಿ ಊಟಕ್ಕೆ ಎದ್ದೆ. ಬಂದು ನೋಡ್ದಾಗ ಎಲ್ಲಾ ಇಳಿದಿತ್ತು, ಆಮೇಲೆ ಸರ್ವರಿಗೆ ಹೋಗಿ..." ಅವನ ಮಾತು ಅರ್ಧಕ್ಕೇ ನಿಂತಿತು. ಬಾಯಿ ಹಾಗೇ ತೆರೆದುಕೊಂಡಿತ್ತು. ಮರುಕ್ಷಣ ನೆಲದಿಂದ ಚಂಗನೆ ಎದ್ದ. ಓಡಿಹೋಗುತ್ತಾನೆಂದು ಕಾನ್‌ಸ್ಟೇಬಲ್ ಒಬ್ಬ ಅವನ ಕಾಲರ್ ಹಿಡಿದ. "ಕಮಿಟ್ ಆಗಿರುತ್ತೆ! ಸರ್, ಕಮಿಟ್ ಆಗಿರುತ್ತೆ! ಮೂರನೇ ಸಾಲು ಅದೇ! ನಂಗೆ ನೆನಪೇ ಇರ್ಲಿಲ್ಲ! ನಡೀರಿ ಸರ್, ಆಫೀಸಿಗೆ ನಡೀರಿ!"

ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ತೋರಿಸಲು ಇಷ್ಟು ಅವಸರ ಮಾಡಿದ ಆರೋಪಿಯನ್ನು ಮೂರ್ತಪ್ಪ ನೋಡಿರಲಿಲ್ಲ. "ಬೇಗ ಓಡ್ಸಣ್ಣ" ಎಂದು ಜೀಪಿನ ಡ್ರೈವರಿಗೆ ಹಿಂದಿನ ಸೀಟಿನಿಂದ ಹೇಳುತ್ತಿದ್ದವನೂ ಅವನೇ. ಶಾಮಲಾ ದಾರಿಯಲ್ಲೇ ಸೌಂದರ್ಯಳಿಗೆ ಫೋನ್ ಮಾಡಿದಳು: "ಅಜ್ಜಿನ ವೆಬ್‌ಸೈಟ್ ಆಫೀಸಿಗೆ ಕರ್ಕೊಂಡು ಬಾ. ಧ್ವನಿ ಗುರುತಿಸ್ಬೇಕಾಗ್ಬಹುದು."

ಮೂರ್ತಪ್ಪ ಹಿಂದಕ್ಕೆ ತಿರುಗಿ ಕೇಳಿದರು. "ಯಾಕೋ ಮಾಡ್ದೆ?"

ಮಧು ತಲೆ ತಗ್ಗಿಸಿದ. "ಆರು ತಿಂಗಳು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೆ ಸರ್. ತುಂಡಾದ ಟೇಪು ಅಂಟಿಸಿ, ಒಂದೊಂದು ಪದ ಉಳಿಸಿ. ಅಜ್ಜಿ ಎಲ್ಲಿ ಉಸಿರು ತಗೋತಾರೆ ಅಂತಾನೂ ನಂಗೊತ್ತು. ಕೋಟೆಲಿ ಸೈಟಿನ ಉದ್ಘಾಟನೆ ಮಾಡಿದ್ರಲ್ಲ, ನಮ್ಮಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡು ಮುಂದಿನ ಸಾಲಲ್ಲಿ ಕೂತಿದ್ರು. ಹಾರ, ಶಾಲು ಎಲ್ಲಾ ಯಜಮಾನ್ರಿಗೇ. ನನ್ನ ಹೆಸರು ಒಂದ್ಸಲಾನೂ ಬರ್ಲಿಲ್ಲ. ವಾಪಸ್ ಬಸ್ಸಲ್ಲಿ ಅಪ್ಪ ಕೇಳಿದ್ರು, 'ಅಲ್ಲಿ ನೀನು ಏನು ಕೆಲಸ ಮಾಡ್ತೀಯೋ?' ಅಂತ."

"ಅದಕ್ಕೆ ಮುದುಕಿ ಹೊಟ್ಟೆ ಉರಿಸ್ದ್ಯಾ?"

"ಅಜ್ಜಿ ನೆನಪಾಗ್ಲಿಲ್ಲ ಸರ್ ಆಗ. ಸೈಟ್ ಮೇಲಿದ್ದ ಯಜಮಾನ್ರ ಹೆಸರೊಂದೇ ಕಾಣ್ತಿತ್ತು."

ಸಂಜೆ ಆರಕ್ಕೆ ಕಚೇರಿಯಲ್ಲಿ ಪಂಚರು, ಮೊಮ್ಮಗಳ ತೋಳು ಹಿಡಿದ ಶಂಕರಮ್ಮ, ಬೆವರುತ್ತಿದ್ದ ರೇಣುಕಾಪ್ರಸಾದ್ ಎಲ್ಲರೂ ಒಂದೇ ಕಂಪ್ಯೂಟರಿನ ಸುತ್ತ ಸೇರಿದರು.

"ನೀನು ಮುಟ್ಟಬೇಡ, ಬಾಯಲ್ಲಿ ಹೇಳು" ಎಂದರು ಮೂರ್ತಪ್ಪ. ಮಧು ಹೇಳುತ್ತಾ ಹೋದ, ಯಜಮಾನರು ಟೈಪ್ ಮಾಡಿದರು. ಪರದೆಯ ಮೇಲೆ ಸಾಲು ಮೂಡಿತು: ಶನಿವಾರ, ಮಧುವಿನ ಹೆಸರು. ಅದರ ಕೆಳಗೆ ಫೈಲು, ಫೈಲು, ಫೈಲು!

"ಇದೆ!" ಶಾಮಲಾ ಕೂಗಿದಳು. ಸಾಕ್ಷಿಗೆ ಬಂದಿದ್ದ ಪಂಚರೇ ಚಪ್ಪಾಳೆ ತಟ್ಟಿಬಿಟ್ಟರು.

"'ಕಚ್ಚಾ' ಅಂತ ಫೋಲ್ಡರ್ ಇದ್ಯಲ್ಲ ಇಲ್ಲಿ, ಇದೇನು?" ಎಂದರು ರೇಣುಕಾಪ್ರಸಾದ್.

"ನೀವು ಕಟ್ ಮಾಡು ಅಂದಿದ್ರಲ್ಲ ಸರ್. ಮಾಡ್ದೆ. ಎಸೆಯೋಕೆ ಮನಸ್ಸು ಬರ್ಲಿಲ್ಲ, ಪೂರ್ತಿದನ್ನ ಸರ್ವರಲ್ಲೇ ಒಂದು ಕಡೆ ಇಟ್ಟಿದ್ದೆ. ಅದೂ ಜೊತೆಗೇ ಇಳಿದಿದೆ."

ಮೊದಲ ಫೈಲು ತೆರೆದರು. ಟೇಪಿನ ಸರಸರ ಸದ್ದು. ಒಂದು ಕೆಮ್ಮು. ಆಮೇಲೆ ಗಂಡಸಿನ ದಪ್ಪ ದನಿ: "ಹೂಂ, ಟೇಪು ಸುತ್ತಾ ಇದೆ. ಶುರು ಮಾಡು ಮಾರಾಯ್ತಿ. ನಾಚ್ಕೊಂಡ್ರೆ ಹೆಂಗೆ?"

"ಅಜ್ಜ!" ಎಂದು ಸೌಂದರ್ಯ ಚೀರಿದಳು.

ಶಂಕರಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡರು. ಬೆರಳನ್ನು ತುಟಿಗಿಟ್ಟು ಪಿಸುಗುಟ್ಟಿದರು: "ಶ್... ಸುಮ್ನಿರ್ರಿ ಎಲ್ಲ. ಟೇಪ್ ಮಾಡೋವಾಗ ಮಾತಾಡಿದ್ರೆ ಅವ್ರು ಬೈತಾರೆ."

ಮೂರ್ತಪ್ಪ ತಮ್ಮ ವೈರ್‌ಲೆಸ್ ಆಫ್ ಮಾಡಿದರು. ಹಾಡು ಶುರುವಾಯಿತು. ತುಂಬಿದ, ಗಟ್ಟಿ, ಸುತ್ತ ಹೆಂಗಸರನ್ನು ಕೂರಿಸಿಕೊಂಡು ಹೇಳಿದ ದನಿ. ಅದು ಮುಗಿಯುವವರೆಗೂ ಶಂಕರಮ್ಮನ ತುಟಿ ಪದಕ್ಕೆ ಪದ ಅಲ್ಲಾಡುತ್ತಿತ್ತು.

"ಇದನ್ನ ಉಳ್ಸಿದ್ದು ಯಾರು?" ಎಂದು ಕೇಳಿದರು.

ಶಾಮಲಾ ಮಧುವಿನ ಕಡೆ ಕೈ ತೋರಿಸಿದಳು. "ಇವನೇ ಅಜ್ಜಿ. ಅಳಿಸಿದ್ದೂ ಇವನೇ."

ಶಂಕರಮ್ಮ ಹತ್ತಿರ ಹೋಗಿ ಅವನ ಮುಖವನ್ನು ದಿಟ್ಟಿಸಿದರು. ಬೈಯುತ್ತಾರೆಂದು ಎಲ್ಲರೂ ಕಾದರು.

"ನಿನ್ನ ಹೆಸರೇನಪ್ಪ?"

ಹುಡುಗ ಅಳತೊಡಗಿದ. ಅಜ್ಜಿ ಬಿಡದೆ ಇನ್ನೊಮ್ಮೆ ಕೇಳಿದ ಮೇಲೆ "ಮಧು" ಎಂದ. ಏಳು ಗಂಟೆಗೆ ಪಂಚನಾಮೆ ಮುಗಿಸಿ, ಮೂರ್ತಪ್ಪ ಅವನನ್ನು ದಸ್ತಗಿರಿ ಮಾಡಿ ಠಾಣೆಗೆ ಕರೆದೊಯ್ದರು.