ಹಗುರ ಸ್ಟೇರಿಂಗು

ಜಕ್ಕಪ್ಪನ ಎಡಗೈಯ ಎರಡು ಬೆರಳು ಹೋಗಿ ಬಹಳ ವರ್ಷವಾಗಿತ್ತು. ಬೆರಳು ಹೋದದ್ದಕ್ಕೆ ಅವನಿಗೆ ಅಷ್ಟು ಸಿಟ್ಟಿರಲಿಲ್ಲ. ಗಾಡಿಯ ಕೆಳಗೆ ಮಲಗಿ ದುಡಿಯುವವರನ್ನು ಕಬ್ಬಿಣ ಒಂದಿಲ್ಲೊಂದು ದಿನ ಕಚ್ಚಿಯೇ ಕಚ್ಚುತ್ತದೆ. ಸಿಟ್ಟಿದ್ದದ್ದು, ಆಮೇಲೆ ಬಾಳೇಶ ಹೇಳಿದ ಒಂದು ಸುಳ್ಳಿನ ಮೇಲೆ.

ಆಗ ಜಕ್ಕಪ್ಪ ಲಾರಿಯ ಡ್ರೈವರು, ಬಾಳೇಶ ಅವನ ಕ್ಲೀನರು. ಅಲಖನೂರಿನ ಕಬ್ಬಿನ ಹೊಲದ ಬದಿಗೆ ಲಾರಿ ನಿಲ್ಲಿಸಿ ಜಕ್ಕಪ್ಪ ಮುಂದಿನ ಗಾಲಿಗಳ ನಡುವೆ ತೂರಿ ಗ್ರೀಸು ಹಚ್ಚುತ್ತಿದ್ದ. ಮೇಲೆ ಕ್ಯಾಬಿನ್ನಿನಲ್ಲಿ ಕೂತ ಬಾಳೇಶನಿಗೆ ತಾನೂ ಡ್ರೈವರನಾಗುವ ಹುಕಿ ಬಂತು. ಮೈಭಾರವನ್ನೆಲ್ಲ ಹಾಕಿ ಸ್ಟೇರಿಂಗು ಜಗ್ಗಿದ. ಕೆಳಗೆ ರಾಡಿಗೂ ಚಾಸಿಗೂ ನಡುವೆ ಜಕ್ಕಪ್ಪನ ಕೈ ಸಿಕ್ಕಿತು. ಮಾಲೀಕ ಓಡಿ ಬಂದು ಕೇಳಿದಾಗ ಬಾಳೇಶ ಕಣ್ಣು ಮಿಟುಕಿಸದೆ ಹೇಳಿದ: "ಕುಡದಿದ್ದಾರಿ ಜಕ್ಕಪ್ಪಣ್ಣ. ಬ್ಯಾಡ ಅಂದ್ರೂ ಕೇಳ್ಲಿಲ್ರಿ, ಹಂಗ ಕೆಳಗ ತೂರಿದ್ರು."

ಜಕ್ಕಪ್ಪ ಅಪ್ಪಾಚಿವಾಡಿಯ ಹಾಲಸಿದ್ದ ದೇವರ ಒಕ್ಕಲು. ಸೆರೆಯ ವಾಸನೆ ಬಂದರೆ ರಸ್ತೆಯ ಆಚೆ ಬದಿಗೆ ಹೋಗಿ ನಡೆಯುವವನು. ಆದರೆ ಆಸ್ಪತ್ರೆಯಿಂದ ಹೊರಬರುವ ಹೊತ್ತಿಗೆ ಸುಳ್ಳು ಮುಗಳಖೋಡದಿಂದ ಕಾಗವಾಡದವರೆಗೆ ಎಲ್ಲ ಚಹಾದಂಗಡಿ ಮುಟ್ಟಿತ್ತು. ಕುಡುಕನಿಗೆ ಸ್ಟೇರಿಂಗು ಕೊಡುವವರು ಯಾರು? ಅವನ ಸೀಟಿನಲ್ಲಿ ಬಾಳೇಶ ಕೂತ. ಮುಂದೆ ಆ ಲಾರಿಯನ್ನೇ ಕೊಂಡು ಮಾಲೀಕನೂ ಆದ. ಜಕ್ಕಪ್ಪ ಮುಗಳಖೋಡದ ರಸ್ತೆ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡು ಬೇರೆಯವರ ಗಾಡಿಗಳ ಸ್ಟೇರಿಂಗು ರಿಪೇರಿ ಮಾಡಿದ. ಎಡಗೈಯಲ್ಲಿ ಉಳಿದ ಮೂರು ಬೆರಳು ನೋಡಿ ಜನ ಅವನನ್ನು 'ಮೂರಬಟ್ಟಿನ ಜಕ್ಕಪ್ಪ' ಎಂದು ಕರೆದರು. ಬದುಕು ಮೂರಾಬಟ್ಟೆಯಾದದ್ದಕ್ಕೆ ಹೆಸರು ಸರಿಯಾಗಿಯೇ ಇದೆ ಎಂದು ಅವನೂ ಸುಮ್ಮನಾದ.

ಮಗಳು ಉಜ್ವಲಾಳನ್ನು ನೋಡಲು ಕೊಕಟನೂರಿನವರು ಬಂದುಹೋಗದಿದ್ದರೆ ಸುಮ್ಮನೆಯೇ ಇರುತ್ತಿದ್ದನೋ ಏನೋ. ಹುಡುಗಿ ಅವರಿಗೆ ಒಪ್ಪಿಗೆಯಾಗಿದ್ದಳು. ಕಾಗವಾಡದ ಔಷಧಿ ಅಂಗಡಿಯಲ್ಲಿ ಕೆಲಸ, ನಡೆನುಡಿ ಚೆಂದ. ಹೋಗುವಾಗ ಗಂಡಿನ ಕಡೆಯವರು ಹಾರುಗೇರಿಯಲ್ಲಿ ಚಹಾಕ್ಕೆ ಇಳಿದರು. ಅಲ್ಲಿ ಬಾಳೇಶ ಕೂತಿದ್ದ. ಮುಗಳಖೋಡದ ಮಾತು ಬಂತು, ಮೂರಬಟ್ಟಿನ ಕತೆ ಬಂತು, ಕೂತವರೆಲ್ಲ ನಕ್ಕರು. ಮರುದಿನ ಕೊಕಟನೂರಿನಿಂದ ಫೋನು: "ಕುಡುಕರ ಮನಿತನದ ಹೆಣ್ಣ ನಮಗ ಬ್ಯಾಡ್ರಿ."

ಉಜ್ವಲಾ ಅಳಲಿಲ್ಲ. "ಹೋಗ್ಲಿ ಬಿಡಪಾ" ಎಂದು ಬಸ್ಸಿಗೆ ಹೋದಳು. ಆ ದಿನ ಶೆಡ್ಡಿನಲ್ಲಿ ಜಕ್ಕಪ್ಪನ ಕೈಯಲ್ಲಿ ಯಾವ ಪಾನೆಯೂ ನಟ್ಟಿಗೆ ಸರಿಯಾಗಿ ಕೂಡಲಿಲ್ಲ.

ಕೆಲವೇ ದಿನಗಳಲ್ಲಿ ಬಾಳೇಶ ತಾನಾಗಿಯೇ ಶೆಡ್ಡಿನ ಮುಂದೆ ಲಾರಿ ತಂದು ನಿಲ್ಲಿಸಿದ. ಹೋದ ಸಂಬಂಧದ ಸುದ್ದಿ ಅವನಿಗೆ ತಿಳಿದೇ ಇರಲಿಲ್ಲ. ಅದು ಜಕ್ಕಪ್ಪನಿಗೆ ಇನ್ನೂ ಕಹಿಯಾಯಿತು. ಮನೆ ಸುಟ್ಟವನಿಗೆ ಹೊಗೆಯ ವಾಸನೆಯೂ ಬಂದಿಲ್ಲ!

"ಜಕ್ಕಪ್ಪಣ್ಣ, ಈ ಸ್ಟೇರಿಂಗ ಜಗ್ಗಿ ಜಗ್ಗಿ ರಟ್ಟಿ ಬಿದ್ದ ಹೋಗ್ಯಾವ ನೋಡು. ಪಾವರ್ ಸ್ಟೇರಿಂಗ ಹಚ್ಚಿಕೊಡು. ಬ್ಯಾರೆದವ್ರ ಕೈಯಾಗ ನನ್ನ ಗಾಡಿ ಕೊಡಾಂವಲ್ಲ ನಾ. ಮೂರ ಬಟ್ಟ ಇದ್ರೂ ನಿನ್ನಂಥಾ ಕೈ ಯಾರಿಗೈತಿ?"

ಹೇಳಿ ನಕ್ಕ. ಜಕ್ಕಪ್ಪನೂ ನಕ್ಕ. ಆ ನಗುವಿನಲ್ಲೇ ಯೋಜನೆ ಹುಟ್ಟಿತು.

ಹಳೆಯ ಸ್ಟೇರಿಂಗು ಬಿಚ್ಚುತ್ತ ಅವನು ಒಂದೊಂದನ್ನೇ ತೂಗಿ ನೋಡಿದ. ಎಣ್ಣೆಯ ಪೈಪು ಕೊರೆದರೆ ಪ್ರಯೋಜನವಿಲ್ಲ. ಎಣ್ಣೆ ಸೋರಿದರೆ ಸ್ಟೇರಿಂಗು ಭಾರವಾಗುತ್ತದೆ ಅಷ್ಟೆ. ಭಾರದ ಸ್ಟೇರಿಂಗು ಬಾಳೇಶನಿಗೆ ಹೊಸದಲ್ಲ, ಜಗ್ಗಿ ಬದಿಗೆ ನಿಲ್ಲಿಸುತ್ತಾನೆ. ಪಂಪು ಕೆಡಿಸಿದರೂ ಅದೇ ಹಣೆಬರಹ. ಕೆಡಿಸಬೇಕಾದದ್ದು ಒಂದೇ ಜಾಗ. ಸ್ಟೇರಿಂಗಿನ ಬಾಕ್ಸಿನಿಂದ ಗಾಲಿಗೆ ಹೋಗುವ ರಾಡಿನ ತುದಿಯಲ್ಲಿ ಒಂದು ನಟ್ಟಿರುತ್ತದೆ. ನಟ್ಟು ಬಿಚ್ಚದಂತೆ ಅದರ ತೂತಿನಲ್ಲಿ ಕಡ್ಡಿಯಷ್ಟು ದಪ್ಪದ ಪಿನ್ನು ಹಾಕಿ ಅದರ ತುದಿ ಬಗ್ಗಿಸುತ್ತಾರೆ. ಪಿನ್ನಿಲ್ಲದ ನಟ್ಟು ರಸ್ತೆಯ ತಗ್ಗುದಿನ್ನೆಗಳಲ್ಲಿ ಅದುರುತ್ತ ಅದುರುತ್ತ ತಾನೇ ಸಡಿಲುತ್ತದೆ. ಒಂದು ದಿನ ರಾಡು ಕಳಚುತ್ತದೆ. ಆಮೇಲೆ ಡ್ರೈವರನ ಕೈಯಲ್ಲಿ ಉಳಿಯುವುದು ಬರೀ ಸ್ಟೇರಿಂಗಿನ ಬಳೆ.

ಆ ಪಿನ್ನೊಂದನ್ನು ಬಿಟ್ಟು ಉಳಿದ ಕೆಲಸವನ್ನು ಅವನು ಜೀವಮಾನದಲ್ಲಿ ಎಂದೂ ಮಾಡದಷ್ಟು ಚೆನ್ನಾಗಿ ಮಾಡಿದ. ನಿಪ್ಪಾಣಿಯ ಗುಜರಿಯಲ್ಲಿ ಅಡ್ಡಾಡಿ ಒಳ್ಳೆಯ ಬಾಕ್ಸು ಆರಿಸಿ ತಂದ. ಅದನ್ನು ಪೂರ್ತಿ ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಹೊಸ ಸೀಲು, ಹೊಸ ಬೇರಿಂಗು ಕೂರಿಸಿದ. ಪಂಪು, ಎಣ್ಣೆಯ ಡಬ್ಬಿ, ಪೈಪು ಎಲ್ಲ ಹೊಸವು. ಎಣ್ಣೆ ತುಂಬಿ, ಗಾಳಿ ಹೋಗುವವರೆಗೆ ಈ ತುದಿಯಿಂದ ಆ ತುದಿಗೆ ತಿರುವಿ ತಿರುವಿ ನೋಡಿದ. ಇದರಲ್ಲೂ ಒಂದು ಲೆಕ್ಕವಿತ್ತು. ಹಳೆಯ ಸ್ಟೇರಿಂಗಾಗಿದ್ದರೆ ಕೆಳಗಿನ ಸಡಿಲು ಡ್ರೈವರನ ಅಂಗೈಗೆ ಮೊದಲೇ ತಿಳಿಯುತ್ತಿತ್ತು. ಎಣ್ಣೆಯ ಬಲದಲ್ಲಿ ಬೆಣ್ಣೆಯಂತೆ ತಿರುಗುವಾಗ ಏನೂ ತಿಳಿಯುವುದಿಲ್ಲ. ಕೆಲಸ ಚೆನ್ನಾದಷ್ಟೂ ಸಾವು ಸದ್ದಿಲ್ಲದೆ ಬರುತ್ತದೆ. ಇಷ್ಟು ಚೆಂದ ಮಾಡಿಕೊಟ್ಟವನ ಮೇಲೆ ಯಾರಿಗೆ ಅನುಮಾನ? ಪಂಚನಾಮೆಗೆ ಬಂದವರು ನುಜ್ಜುಗುಜ್ಜಾದ ಕಬ್ಬಿಣದಲ್ಲಿ ಕಡ್ಡಿಯಂಥ ಪಿನ್ನು ಹುಡುಕಿಯಾರೇ? ಸಿಗದಿದ್ದರೆ ಹೊಡೆತಕ್ಕೆ ಮುರಿದು ಬಿದ್ದಿತೆನ್ನುತ್ತಾರೆ.

ಬೇರೆ ಯಾರಾದರೂ ಸತ್ತಾರೆಂಬ ಭಯವೂ ಅವನಿಗಿರಲಿಲ್ಲ. ಬಾಳೇಶ ಒಂಟಿ ಸಲಗ. ಮಿರಜದ ಪೇಟೆಗೆ ಬೆಲ್ಲ ಹೇರಿಕೊಂಡು ಹೋಗುವಾಗ ಕ್ಲೀನರನನ್ನೂ ಕರೆದೊಯ್ಯುತ್ತಿರಲಿಲ್ಲ. ತನ್ನ ಸ್ಟೇರಿಂಗನ್ನು ಖಾಸಾ ತಮ್ಮನಿಗೂ ಮುಟ್ಟಗೊಟ್ಟವನಲ್ಲ. ಎದುರಿಗೆ ಬರುವ ಗಾಡಿಗಳ ವಿಚಾರ ಒಮ್ಮೆ ಬಂತು. ಜಕ್ಕಪ್ಪ ಅದನ್ನು ಎಣ್ಣೆಯ ಬಟ್ಟೆಯಿಂದ ಕೈ ಒರೆಸಿಕೊಂಡಂತೆ ಒರೆಸಿ ಹಾಕಿದ.

ಗಾಡಿ ಒಪ್ಪಿಸುವ ದಿನ ಪಕ್ಕದ ಪಂಕ್ಚರ್ ಅಂಗಡಿಯವರು, ಚಹಾದವರು ಎಲ್ಲ ಕೇಳುವಂತೆ ಹೇಳಿದ: "ಎಂಟ ದಿನ ಓಡ್ಸಿ ತಿರಗಿ ತಾ, ಬಾಳೇಶ. ನಟ್ಟಗೋಳ ಒಮ್ಮಿ ಬಿಗೀಬೇಕ. ಮರೀಬ್ಯಾಡ."

ಗಾಡಿ ಓಡುತ್ತಿರುವವರೆಗೆ ಬಾಳೇಶ ಅದನ್ನು ಶೆಡ್ಡಿಗೆ ತಿರುಗಿ ತರುವವನಲ್ಲ ಎಂದು ಅವನಿಗೆ ಗೊತ್ತಿತ್ತು. ಊರಿಗೂ ಗೊತ್ತಿತ್ತು.

ಬಾಳೇಶ ಸೀಟಿಗೆ ಏರಿ ಸ್ಟೇರಿಂಗು ತಿರುವಿ ಕೂಸಿನಂತೆ ಬಾಯಿ ತೆರೆದ. "ಯವ್ವಾ! ಇದ ನನ್ನ ಗಾಡಿ ಹೌದಿಲ್ಲ?" ಕೆಳಗಿಳಿದು ಜಕ್ಕಪ್ಪನ ಎಡಗೈಯನ್ನೇ ಹಿಡಿದುಕೊಂಡ. ಜಕ್ಕಪ್ಪ ಕೈ ಬಿಡಿಸಿಕೊಂಡ.

ಆ ಸಂಜೆ ಹೆಂಡತಿ ಸಾವಿತ್ರೆವ್ವ ರೊಟ್ಟಿ ಬಡಿಯುತ್ತ ಹೇಳಿದಳು: "ಅವನ ಗಾಡಿ ಮಾಡಿಕೊಟ್ರ್ಯಂತ. ಚೊಲೋ ಆತ ಬಿಡ್ರಿ. ಸಿಟ್ಟ ಎಷ್ಟ ವರ್ಷಂತ ಹೊತಗೊಂಡ ತಿರಗತೀರಿ?"

"ಇಳಿಸೇನಿ" ಎಂದ ಜಕ್ಕಪ್ಪ. ಆಕೆಗೆ ಸಂತೋಷವಾಯಿತು. ಅವನಿಗೂ ಒಂದು ಬಗೆಯ ಸಂತೋಷವೇ. ಮರುದಿನದಿಂದ ಚಹಾದಂಗಡಿಯಲ್ಲಿ ಯಾರಾದರೂ ಅಪಘಾತದ ಮಾತೆತ್ತಿದರೆ ಕಿವಿ ನಿಮಿರುತ್ತಿತ್ತು. ರಾಯಬಾಗದ ಟ್ರ್ಯಾಕ್ಟರು, ಚಿಕ್ಕೋಡಿಯ ಬೈಕು, ಅಥಣಿಯ ಟೆಂಪೊ. ಬಾಳೇಶನ ಹೆಸರಿಲ್ಲ. ಅವಸರವಿಲ್ಲ ಎಂದುಕೊಂಡ. ನಟ್ಟು ತನ್ನ ಕೆಲಸ ಮಾಡುತ್ತಿದೆ. ಸುದ್ದಿ ಬಂದಾಗ ಮುಖ ಹೇಗಿಟ್ಟುಕೊಳ್ಳಬೇಕು, ಮಣ್ಣಿಗೆ ಹೋದಾಗ ಎಲ್ಲಿ ನಿಲ್ಲಬೇಕು ಎಂಬುದನ್ನೂ ಗೊತ್ತು ಮಾಡಿಕೊಂಡಿದ್ದ.

ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದು ದೀಪ ಹಚ್ಚಿ ಕೂತಿದ್ದಾಗ ಉಜ್ವಲಾಳ ಫೋನು ಬಂತು. ಹಿಂದೆ ಎಂಜಿನ್ನಿನ ಮೊರೆತ. ಬಸ್ಸಿರಬೇಕು ಎಂದುಕೊಂಡ.

"ಅಪಾ, ಏನ್ ಹಗುರ ಮಾಡೀಪಾ! ಒಂದ ಬಟ್ಟಿಲೆ ತಿರಗತೈತಿ!"

"ಏನದು?"

"ಸ್ಟೇರಿಂಗ! ಬಸ್ ತಪ್ಪಿತ್ತ, ಬಾಳೇಶ ಕಾಕಾ ಗಾಡಿ ನಿಂದರ್ಸಿ ಹತ್ತಸ್ಕೊಂಡ. ನಿಮ್ಮಪ್ಪನ ಕೈಗುಣ ನೋಡ ಬಾ ಅಂತ ಕುಡಚಿ ದಾಟಿಂದ ನನ್ನ ಕೈಯಾಗ ಕೊಟ್ಟಾನ. ಮಾಮಾನ ಟ್ರ್ಯಾಕ್ಟರಕಿಂತ ಸಲೀಸ ಐತಿ. ಅಗಾ, ಹೊಳಿ ಬ್ರಿಜ್ ಕಾಣಾಕತ್ತೈತಿ."

ಜಕ್ಕಪ್ಪ ಎದ್ದು ನಿಂತ. ಹಳೆಯ ಸ್ಟೇರಿಂಗನ್ನು ಹೆಣ್ಣುಮಗಳೊಬ್ಬಳು ಅಲ್ಲಾಡಿಸಲೂ ಆಗುತ್ತಿರಲಿಲ್ಲ. ಹಗುರ ಮಾಡಿದವನು ತಾನೇ. ಯಾರು ಬೇಕಾದರೂ ತಿರುವುವಂತೆ ಮಾಡಿದವನು ತಾನೇ.

"ನಿಂದರ್ಸ! ಉಜ್ಜೀ, ಗಾಡಿ ನಿಂದರ್ಸ!"

ಅವಳು ನಕ್ಕಳು. "ನಿಂದ ಯಾವಾಗ್ಲೂ ಇದ ಹಾಡ. ಹೆದರಬ್ಯಾಡಪಾ, ಎರಡೂ ಕೈಲೆ ಗಟ್ಟಿ ಹಿಡದೀನಿ. ಬ್ರಿಜ್ ದಾಟಿ ಕಾಕಾಗ ಕೊಡ್ತೀನಿ."

"ಬ್ರಿಜ್ ಹತ್ತಬ್ಯಾಡ! ಕೆಳಗ ರಾಡಿನ ನಟ್ಟಿಗೆ ಪಿನ್ನ ಇಲ್ಲವಾ! ನಾನ ಹಾಕಿಲ್ಲ! ಬೇಕಂತನ ಬಿಟ್ಟೀನಿ! ಎಡಬಲ ತಿರುವಬ್ಯಾಡ, ಬ್ರೇಕ್ ಒತ್ತ, ನನ್ನವ್ವಾ, ಬ್ರೇಕ್ ಒತ್ತ!"

ಟೈರು ಕಿರುಚಿತು. ಏರ್ ಬ್ರೇಕು ಬುಸ್ಸೆಂದಿತು. ಆಮೇಲೆ ಎಂಜಿನ್ನೂ ಬಂದಾಗಿ, ಎಲ್ಲೋ ಹೊಳೆಯ ಮೇಲಿನ ಗಾಳಿಯ ಸದ್ದಷ್ಟೇ ಉಳಿಯಿತು. ಮಗಳು ಏದುಸಿರು ಬಿಡುವುದು ಕೇಳಿಸಿತು. ಜೀವಂತವಿದ್ದಾಳೆ. ಜಕ್ಕಪ್ಪ ಎಣ್ಣೆ ಚೆಲ್ಲಿದ ನೆಲದ ಮೇಲೆ ಕುಸಿದು ಕೂತು, ಹಾಲಸಿದ್ದಾ ಎಂದ. ಮಗಳಿಗೆ ಹೇಗೋ ತಿಳಿಹೇಳಬಹುದು. ತನ್ನ ರಕ್ತ, ಮಾತು ಮನೆಯೊಳಗೇ ಉಳಿದೀತು. ಬಾಳೇಶನಿಗೆ ಮರೆತೆನೆಂದರೆ ಆಯಿತು, ಈಗಲೇ ಹೋಗಿ ಪಿನ್ನು ಹಾಕಿದರೆ ಆಯಿತು. ಹೀಗೆ ಮತ್ತೊಂದು ಯೋಜನೆ ಹೊಸೆಯುತ್ತಿದ್ದವನು ತಟ್ಟನೆ ಫೋನನ್ನು ಕಿವಿಗೆ ಒತ್ತಿಕೊಂಡ. ಅವಳ ಎರಡೂ ಕೈ ಸ್ಟೇರಿಂಗಿನ ಮೇಲಿದ್ದರೆ ಇಷ್ಟು ಹೊತ್ತು ಫೋನು ಹಿಡಿದವರು ಯಾರು? ಉತ್ತರ ಆ ಕಡೆಯಿಂದಲೇ ಬಂತು, ತೀರ ಹತ್ತಿರದಿಂದ, ಮೆಲ್ಲಗೆ: "ಸ್ಪೀಕರ್ ಮ್ಯಾಲ ಇತ್ತ, ಜಕ್ಕಪ್ಪಣ್ಣ. ಎಲ್ಲಾ ಕೇಳ್ತು."