ಅಳಿಯನ ಕೈಗುಣ

ಮಂಗಳವಾರ ಬೆಳಗ್ಗೆ ಹತ್ತೂಕಾಲಿಗೆ ಒಬ್ಬ ಟೈಲರ್ ಠಾಣೆಗೆ ಬಂದು, ಕೂರಲು ಹೇಳಿದರೂ ಕೂರದೆ, ಇನ್‌ಸ್ಪೆಕ್ಟರ್ ಮೇಡಂ ಮೇಜಿನ ಮುಂದೆ ನಿಂತ. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಸ್ಕ್ಯಾನಿಂಗ್ ಸೆಂಟರ್‌ನೋರ ಮೇಲೆ ಕಂಪ್ಲೇಂಟ್ ಕೊಡ್ಬೇಕು."

"ಏನಾಯ್ತು?"

"ಶನಿವಾರ ನನ್ನ ಹೆಂಡ್ತಿ ಮೆಟ್ಟಿಲಿಂದ ಬಿದ್ಲು. ತಲೆ ಸ್ಕ್ಯಾನ್ ಮಾಡಿದ್ರು. ಅರ್ಧ ಗಂಟೇಲಿ ಬರೋ ರಿಪೋರ್ಟು ಮೂರು ಗಂಟೆ ಆದ್ರೂ ಬರ್ಲಿಲ್ಲ. ಒಳಗೆ ರಕ್ತ ಹೆಪ್ಪುಗಟ್ತಾ ಇತ್ತಂತೆ, ಇವ್ರು ಇಂಟರ್ನೆಟ್ ಇಲ್ಲ ಅಂತ ಕೂತಿದ್ರು. ಈಗ ಜೀವ ಇದೆ, ಮಾತಿಲ್ಲ. 'ರೀ' ಅನ್ನೋಕೂ ಬರಲ್ಲ ಅವಳಿಗೆ."

ಸಿಡುಕಿ ಎಂದೇ ಹೆಸರಾದ ಮೇಡಂ ಆ ಹೊತ್ತು ಸಿಡುಕಲಿಲ್ಲ. ಎಫ್‌ಐಆರ್ ಬರೆಸಿ, ಠಾಣೆಯ ಕಂಪ್ಯೂಟರ್ ಕೆಲಸ ನೋಡುವ ದಫೇದಾರನನ್ನು ಕರೆದುಕೊಂಡು ಹೊರಟರು.

ಸೆಂಟರು ಒಂದು ಸಂಸಾರದ ವ್ಯವಹಾರ. ಯಜಮಾನ, ಕೌಂಟರಿನಲ್ಲಿ ಅವನ ಮಗಳು, ಹಿಂದಿನ ಕೋಣೆಯಲ್ಲಿ ಮನೆ ಅಳಿಯ. ತೆಗೆದ ಸ್ಕ್ಯಾನ್ ಇಂಟರ್ನೆಟ್ಟಿನಲ್ಲಿ ಬೇರೆಡೆಯ ಡಾಕ್ಟರಿಗೆ ಹೋಗಬೇಕು, ಅವರು ನೋಡಿ ರಿಪೋರ್ಟು ಕಳಿಸಬೇಕು. ಯಜಮಾನ ಬಾಯಿ ತೆಗೆದದ್ದೇ ಇಂಟರ್ನೆಟ್ ಕಂಪನಿಯನ್ನು ಬೈಯಲು.

"ಸಾಕು," ಎಂದರು ಮೇಡಂ. "ಸಿ.ಡಿ. ಮಾಡಿ ಕೈಗೆ ಕೊಟ್ಟು ಕಳಿಸೋಕೆ ಏನಾಗಿತ್ತು ರೋಗ?"

"ಈಗ ಸರಿಹೋಗುತ್ತೆ, ಈಗ ಸರಿಹೋಗುತ್ತೆ ಅಂತ..."

"ಮೂರು ಗಂಟೆ?"

ಯಜಮಾನ ನೆಲ ನೋಡಿದ. ಇಂಥವರಿಗೆ ನೆಲ ಕಾಣುವುದೇ ಪೊಲೀಸರು ಬಂದ ಮೇಲೆ.

ದಫೇದಾರ ಬೀರುವಿನ ಮೇಲಿಂದ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಇಳಿಸಿದ. "ಫೈರ್‌ವಾಲ್ ಮೇಡಂ. ಆಫೀಸಿಗೂ ಇಂಟರ್ನೆಟ್ಟಿಗೂ ನಡುವೆ ಇರೋ ಕಾವಲುಗಾರ. ಇವನು ಕಲ್ಲಾದ್ರೆ ಒಳಗಿಂದ ಏನೂ ಹೊರಗೆ ಹೋಗಲ್ಲ."

"ಶನಿವಾರ ಏನೇನಾಯ್ತು ಅನ್ನೋ ಲಾಗ್ ಇದರಲ್ಲಿ ಇದ್ಯಾ?"

"ಎಲ್ಲಿಂದ ಬರ್ಬೇಕು? ಕರೆಂಟ್ ತೆಗೆದ್ರೆ ಇದಕ್ಕೆ ಏನೂ ನೆನಪಿರಲ್ಲ. ಇವ್ರು ಹ್ಯಾಂಗ್ ಆದಾಗೆಲ್ಲ ಪ್ಲಗ್ ಕಿತ್ತಿದಾರೆ."

ಪಂಚನಾಮೆ ಮಾಡಿ ಪೆಟ್ಟಿಗೆಯನ್ನು ವಶಪಡಿಸಿಕೊಂಡರು. ಮಗಳ ಹೇಳಿಕೆ ಕೌಂಟರಿನಲ್ಲೇ ಆಯಿತು.

"ಮೊದಲೂ ಹೀಗೆ ಆಗಿತ್ತಾ?"

"ಮೂರು ತಿಂಗಳಿಂದ ಆಗಾಗ ಆಗುತ್ತೆ. ನಮ್ಮನೆಯವ್ರು ಬಂದು ಪ್ಲಗ್ ಕಿತ್ತು ಹಾಕ್ತಾರೆ, ಸರಿಹೋಗುತ್ತೆ."

"ಶನಿವಾರ?"

"ಅಪ್ಪ ಹೊರಗಿನ ಮೆಕ್ಯಾನಿಕ್ ಕರೆಸಿದ್ರು. ಪಾಪ, ಅವನು ಎಷ್ಟು ಸಲ ಕಿತ್ತು ಹಾಕಿದ್ರೂ ಒಂದೆರಡು ನಿಮಿಷ, ಮತ್ತೆ ಹೋಗೋದು. ಕೊನೆಗೆ ಅಪ್ಪ ಸೋತು ಇವ್ರನ್ನ ಕರೆದ್ರು. ಇವ್ರು ಒಂದೇ ಸಲ ಕಿತ್ತು ಹಾಕಿದ್ದು, ಸರಿಹೋಯ್ತು." ಅವಳ ಮುಖದಲ್ಲಿ ಸಣ್ಣ ಹೆಮ್ಮೆ ಇತ್ತು. "ನಮ್ಮನೆಯವ್ರ ಕೈಗುಣ ಮೇಡಂ."

ಬುಧವಾರ ದಫೇದಾರ ಠಾಣೆಯಲ್ಲಿ ಪರೀಕ್ಷೆ ನಡೆಸಿದ. ಪೆಟ್ಟಿಗೆಯ ಸೆಟ್ಟಿಂಗ್ ಪುಟ ಹೊರಗಿನವರಿಗೂ ತೆರೆದೇ ಇತ್ತು. ಅಲ್ಲಿಗೆ ಯಾರಾದರೂ ಅರ್ಧಂಬರ್ಧ ಕೋರಿಕೆಗಳನ್ನು ಸುರಿಯುತ್ತ ಹೋದರೆ, ಅವಕ್ಕೆ ಉತ್ತರ ಕೊಡುವುದರಲ್ಲೇ ಅದರ ಪುಟ್ಟ ಮೆಮೊರಿ ತುಂಬಿ ನಿಂತುಹೋಗುತ್ತದೆ. ತಯಾರಿಸಿದ ಕಂಪನಿ ಇದಕ್ಕೆ ಅಪ್‌ಡೇಟ್ ಕೊಟ್ಟು ವರ್ಷವಾಗಿತ್ತು, ಹಾಕುವ ಪುಣ್ಯಾತ್ಮರಿರಲಿಲ್ಲ.

ದಫೇದಾರ ತಾನೇ ಹಾಗೆ ಸುರಿದು ದಾಳಿ ನಡೆಸಿದ, ಪೆಟ್ಟಿಗೆ ನಿಂತಿತು. ಪ್ಲಗ್ ಕಿತ್ತು ಹಾಕಿದ, ಎದ್ದಿತು. ಎರಡು ನಿಮಿಷಕ್ಕೆ ಮತ್ತೆ ನಿಂತಿತು.

"ಇನ್ನೊಂದ್ ಸಲ," ಎಂದರು ಮೇಡಂ.

"ನೂರು ಸಲ ಮಾಡಿದ್ರೂ ಅಷ್ಟೇ. ಸುರಿಯೋನು ನಿಲ್ಲಿಸೋವರೆಗೂ ಇದು ಏಳಲ್ಲ."

"ಹಾಗಾದ್ರೆ ಅಳಿಯ ಮುಟ್ಟಿದಾಗೆಲ್ಲ ಹೇಗೆ ಎದ್ದಿತು?"

ದಫೇದಾರ ಕೈಯಲ್ಲಿದ್ದ ಪ್ಲಗ್ ನೋಡಿದ. ಉತ್ತರವನ್ನೂ ಮೇಡಂ ಅವರೇ ಕೊಟ್ಟರು.

"ಅವನು ಪ್ಲಗ್ ಕೀಳೋ ಹೊತ್ತಿಗೇ ಸುರಿಯೋನೂ ನಿಲ್ಲಿಸ್ತಿದ್ದ. ಪ್ರತಿ ಸಲ. ಮಗೂನ ಚಿವುಟಿ ತೊಟ್ಟಿಲು ತೂಗೋದು ಅಂದ್ರೆ ಇದೇ ಕಣಯ್ಯಾ! ನಡಿ."

ಅಳಿಯನ ಫೋನು ವಶಕ್ಕೆ ಬಂತು. ಕೋರಿಕೆಗಳನ್ನು ಸುರಿಯಲು ಬಾಡಿಗೆಗೆ ಪಡೆದ ಒಂದು ದೂರದ ಕಂಪ್ಯೂಟರಿಗೆ ಅದರಿಂದಲೇ ಆದೇಶ ಹೋಗುತ್ತಿತ್ತು. ಬಾಡಿಗೆ ಕೊಟ್ಟ ಕಂಪನಿಯ ಉತ್ತರ ಶುಕ್ರವಾರ ಬಂತು. ಶನಿವಾರದ ದಾಳಿ ಶುರುವಾದ ಹೊತ್ತು, ನಿಂತ ಹೊತ್ತು ಎರಡೂ ಸೆಂಟರಿನವರ ಹೇಳಿಕೆಗೆ ತಾಳೆಯಾದವು. ಮಧ್ಯಾಹ್ನ ಅವನನ್ನು ಠಾಣೆಗೆ ಕರೆತಂದರು. ಹೊರಗಿನ ಬೆಂಚಿನ ಮೇಲೆ, ಮಂಗಳವಾರದಿಂದ ದಿನಾ ಬರುತ್ತಿದ್ದ ಟೈಲರ್ ಕೂತಿದ್ದ. ಬಾಗಿಲು ತೆರೆದಿತ್ತು, ಮೇಡಂ ಹಾಕಿಸಲಿಲ್ಲ.

"ಯಾಕೆ ಮಾಡಿದೆ?"

"ನಾನಲ್ಲ."

ಮೇಡಂ ಕಂಪನಿಯ ಉತ್ತರವನ್ನು ಅವನ ಮುಂದಿಟ್ಟರು. ಅವನು ಅದನ್ನು ಓದಿ ಮೇಜಿನ ಮೇಲೆ ಮಗುಚಿಟ್ಟ.

"ಮನೇಲಿ ನನ್ನ ದಂಡಪಿಂಡ ಅಂತಾರೆ," ಎಂದ. "ಮಾವ ಎದುರಿಗೆ ಬಂದ್ರೂ ಮುಖ ಕೊಟ್ಟು ಮಾತಾಡಲ್ಲ. ಆ ಡಬ್ಬಿ ನಿಂತಾಗ ಮಾತ್ರ 'ಅಳಿಯಂದ್ರೇ, ಸ್ವಲ್ಪ ಬನ್ನಿ' ಅಂತಾರೆ. ಆ ಒಂದು ಮಾತಿಗೆ ಮೇಡಂ."

"ಶನಿವಾರ ಬೇಗ ಯಾಕೆ ನಿಲ್ಲಿಸ್ಲಿಲ್ಲ?"

"ಮೆಕ್ಯಾನಿಕ್ ಬಂದಿದ್ದ. 'ನೀನು ಮುಟ್ಬೇಡ' ಅಂದ್ರು ಮಾವ, ಎಲ್ಲರ ಮುಂದೆ. ಹೊಟ್ಟೆ ಉರೀತು. ಕಾದೆ."

"ಏನಕ್ಕೆ?"

"ಕರೀಲಿ ಅಂತ."

"ಪೇಷೆಂಟ್ ಇದ್ದಿದ್ದು ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. "ಗೊತ್ತಿತ್ತು."

"ಥೂ!" ಎಂದರು ಮೇಡಂ. ಇದು ಹೇಳಿಕೆಯಲ್ಲಿ ದಾಖಲಾಗಲಿಲ್ಲ.

ಬಂಧನದ ವಿಷಯ ತಿಳಿಸಲು ದಫೇದಾರ ಯಜಮಾನನಿಗೆ ಫೋನ್ ಮಾಡಿದ. ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: "ನಮ್ಮ ಡಬ್ಬಿ ಯಾವಾಗ ವಾಪಸ್ ಕೊಡ್ತೀರಾ?" ಅಳಿಯನ ಮಾತು ಬರಲೇ ಇಲ್ಲ. ಪಕ್ಕದಲ್ಲೇ ನಿಂತಿದ್ದ ಅಳಿಯನಿಗೂ ಅದು ಕೇಳಿಸಿತು.

ಲಾಕಪ್ಪಿಗೆ ಕರೆದೊಯ್ಯುವಾಗ ಟೈಲರ್ ಬೆಂಚಿನಿಂದ ಎದ್ದು ಅಡ್ಡ ನಿಂತ. ಹೊಡೆಯುತ್ತಾನೆಂದು ದಫೇದಾರ ಕೈ ಚಾಚಿದ. ಟೈಲರ್ ಹೊಡೆಯಲಿಲ್ಲ.

"ಅವಳೂ ಕರೀತಿದ್ಲು ಕಣೋ," ಎಂದ. "ನಿಮ್ಮ ಸೆಂಟರಿನ ಬೆಂಚ್ ಮೇಲೆ ಮಲಗ್ಕೊಂಡು, 'ರೀ, ರೀ' ಅಂತ. ಆಮೇಲೆ ಕರೀಲಿಲ್ಲ."

ದಾರಿ ಬಿಟ್ಟು, ಆಸ್ಪತ್ರೆಗೆ ಹೊತ್ತಾಯಿತೆಂದು ಮೇಡಂಗೆ ಹೇಳಿ ಹೊರಟ.