ನಡುಗಡ್ಡೆಯ ಹಿರೇತನ

ಶ್ರಾವಣದ ಬಿಸಿಲು ಮೋಡದಿಂದ ಹೊರಗೆ ಬರುತ್ತ, ಒಳಗೆ ಹೋಗುತ್ತ ಇತ್ತು. ನಾಲೆಗೆ ನೀರು ಬಿಟ್ಟು ನಂದಿಗುಡಿಯ ಗದ್ದೆಗಳೆಲ್ಲ ಕೆಸರಾಗಿದ್ದವು. ಪರಶುರಾಮನ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿದ್ದರು.

ಸಾಲಿನ ತುದಿಗೆ ಶಾಂತಲಾ. ಅವಳು ಕೂಲಿಗೆ ಬಂದವಳಲ್ಲ, ಮುಯ್ಯಿಗೆ ಬಂದವಳು. ಇವತ್ತು ಅವಳು ಅವನ ಗದ್ದೆಗೆ, ನಾಳೆ ಅವನು ಅವಳ ಗದ್ದೆಗೆ. ಗಂಡ ತೀರಿಕೊಂಡ ಮೇಲೆ ಬೇಸಾಯ ಹೀಗೇ ನಡೆದಿತ್ತು. ಯಾವ ಬೀಜ, ಯಾವತ್ತು ನೀರು, ಯಾರಿಗೆ ಕರೆ, ಎಲ್ಲವನ್ನೂ ಅವಳೇ ತೀರ್ಮಾನ ಮಾಡುತ್ತಿದ್ದಳು. ಮಾಡಿದ್ದು ಸರಿಯಾಯಿತಾ ಎಂದು ಕೇಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ.

ದಾವಣಗೆರೆಯಲ್ಲಿದ್ದ ಅಣ್ಣ, ಗದ್ದೆ ಗುತ್ತಿಗೆಗೆ ಕೊಟ್ಟು ಬಂದುಬಿಡು ಎಂದಿದ್ದ. ನಿಜಲಿಂಗಪ್ಪ ಬಡಾವಣೆಯ ಅವನ ಮನೆಯಲ್ಲಿ ಮಹಡಿ ಮೇಲಿನ ರೂಮು ಖಾಲಿಯಿತ್ತು. ಇವತ್ತು ಸಂಜೆ ಫೋನ್ ಮಾಡಿ ಹೂಂ ಅನ್ನಬೇಕಿತ್ತು.

ಸೊಂಟದ ನೋವು ಮರೆಯಲಿ ಎಂದು ಮುದುಕಿ ನೀಲಕ್ಕ ಕಥೆ ಕಟ್ಟುತ್ತಿದ್ದಳು. ಹರಿಹರದ ಸಂತೆಗೆ ಹೊರಟ ಜನರ ತೆಪ್ಪ ತುಂಬಿದ ಹೊಳೆಯಲ್ಲಿ ಮಗುಚಿ, ಅವರೆಲ್ಲ ನಡುಗಡ್ಡೆಯಲ್ಲಿ ಸಿಕ್ಕಿಬಿದ್ದರಂತೆ. ಅವರಲ್ಲಿ ಇಬ್ಬರು ಗಟ್ಟಿಗರು. ಜಂಬಯ್ಯ ದಡ ಹತ್ತಿದ ಕೂಡಲೇ ನೀ ಸೌದೆ ತಾ, ನೀ ಬಳ್ಳಿ ಕಡಿ ಎಂದು ಎಲ್ಲರಿಗೂ ಕೆಲಸ ಹಚ್ಚಿದ. ತೋಟಪ್ಪ ಒಬ್ಬೊಬ್ಬರ ಪಕ್ಕ ಕೂತು, ನಿನಗೇನು ಬರ್ತದೆ, ನಿನಗೆ ಯಾತರ ಹೆದರಿಕೆ ಎಂದು ವಿಚಾರಿಸಿದ. ಇಬ್ಬರಲ್ಲಿ ಹಿರೇತನ ಯಾರಿಗೆ ಕೊಡ್ತೀರಿ ಎಂದು ನೀಲಕ್ಕ ಕಥೆ ನಿಲ್ಲಿಸಿದಳು.

ತೋಟಪ್ಪನ ಕೈಗೆ ಕೊಟ್ಟರೆ ಉಪವಾಸ ಗ್ಯಾರಂಟಿ ಎಂದು ಪಕ್ಕದಲ್ಲಿ ಸಸಿ ಹಚ್ಚುತ್ತಿದ್ದ ನೇತ್ರಾವತಿ ಎಲ್ಲರನ್ನೂ ನಗಿಸಿದಳು.

"ಜಂಬಯ್ಯಗೇ ಕೊಡ್ಬೇಕು," ಎಂದಳು ಶಾಂತಲಾ. "ಹೊಳೆ ಏರ್ತಿರುವಾಗ ಕೇಳ್ತಾ ಕೂತ್ರೆ ಆಗ್ತೈತಾ?"

ಸಸಿ ಕಟ್ಟು ಹೊತ್ತು ಬಂದ ಪರಶುರಾಮ ಬದುವಿನ ಮೇಲೆ ನಿಂತ. ಊರಿಗೆಲ್ಲ ಅವಳು ಶಾಂತಕ್ಕ. ಅವನೊಬ್ಬ ಮಾತ್ರ ಎಂದೂ ಅಕ್ಕ ಅಂದವನಲ್ಲ.

"ಜಂಬಯ್ಯ ಎಲ್ಲರನ್ನೂ ದಾಟಿಸ್ತಾನ್ರಿ, ಖರೆ. ಆದ್ರೆ ಅವನಿಗೇ ಹೆದರಿಕೆ ಆದ್ರೆ ಯಾರ ಹತ್ರ ಹೇಳ್ಕೋಬೇಕು?"

ಅವಳ ಕೈಯ ಸಸಿ ಕೆಸರಿಗೆ ಇಳಿಯಲಿಲ್ಲ. ಉಳಿದವರ ಮುಂದೆ ಕಟ್ಟು ಎಸೆದವನು, ಅವಳ ಮುಂದೆ ಮಾತ್ರ ಕೆಸರು ಸಿಡಿಯದಂತೆ ಬಗ್ಗಿ ಇಟ್ಟ. ಕಣ್ಣು ಅವಳ ಕಣ್ಣಿಗೆ ಒಂದು ಗಳಿಗೆ ತಾಗಿ, ಮತ್ತೆ ನೀರಿಗೆ ಇಳಿಯಿತು. ನಮಗೆ ಮಾತ್ರ ಕೆಸರಿನ ಅಭಿಷೇಕ ಯಾಕಪ್ಪಾ ಎಂದು ನೇತ್ರಾವತಿ ಕೇಳಿದ್ದಕ್ಕೆ ಅವನ ಕಿವಿಗಳು ಕೆಂಪಾದವು.

ಬಿಸಿಲು ಇಳಿದು ಹೆಂಗಸರು ಮುಂದೆ ಹೋದ ಮೇಲೆ, ನಾಲೆಯಲ್ಲಿ ಕಾಲು ತೊಳೆಯುತ್ತ ಅವಳು ಅಣ್ಣನ ಮಾತು ಹೇಳಿದಳು. ಅವನು ಬಹಳ ಹೊತ್ತು ಗುದ್ದಲಿ ತೊಳೆದ. ಕೊನೆಗೆ, ನಿಮಗೆ ಹೆಂಗೆ ಅನಿಸ್ತೈತ್ರಿ ಎಂದು ಕೇಳಿದ.

"ನಿಮ್ಮ ತೋಟಪ್ಪನೂ ಹಿಂಗೇ," ಎಂದಳು. "ಎಲ್ಲರನ್ನೂ ಕೇಳ್ದ. ತನಗೇನು ಬೇಕು ಅಂತ ಬಾಯಿ ಬಿಡ್ಲೇ ಇಲ್ಲ."

ಅವಳು ಚಪ್ಪಲಿ ಕೈಗೆತ್ತಿಕೊಂಡು ಬದು ಹತ್ತಿದಳು.

"ಹೋಗಬ್ಯಾಡ್ರಿ. ಇಲ್ಲೇ ಇರ್ರಿ, ನನ್ನ ಜೊತೆ."

ಅವಳು ತಿರುಗಲಿಲ್ಲ. ತಕ್ಷಣ ಖುಷಿಯೇನೂ ಆಗಲಿಲ್ಲ. ಇಷ್ಟು ವರ್ಷ ಹೊತ್ತದ್ದರ ಭಾರ ಈಗ ಬೆನ್ನಿಗೆ ಗೊತ್ತಾದಂತೆ ದಣಿವಾಯಿತು.

"ಐತಾರ ಅಣ್ಣಗೆ ಬಾ ಅಂತೀನಿ. ನೀವೂ ಬರ್ರಿ. ಒಬ್ಬಳೇ ಮಾತಾಡೋಕೆ ನನಗೆ ಆಗಲ್ಲ."

ಬರ್ತೀನಿ ಎಂದ. ನಾಳೆ ಮುಯ್ಯಿ ತೀರಿಸೋಕೂ ಬರ್ತೀನಿ ಎಂದ.

"ಬರ್ರಿ. ತೀರಿಸೋಕೆ ಅಂತ ಬರಬ್ಯಾಡ್ರಿ."

ಊರ ಕಣ್ಣಿಗೆ ಹೆದರಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಮನೆಯಲ್ಲಿ ಲೈಟ್ ಹಾಕಿ ಅವಳು ಫೋನ್ ಮಾಡಿದಳು. ಐತಾರ ನೀನು ಬಾ, ಇನ್ನೊಬ್ಬರೂ ಬರ್ತಾರೆ ಎಂದದ್ದಕ್ಕೆ ಅಣ್ಣ, ಯಾರು ಎಂದ. ಅವಳು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ಆಮೇಲೆ ಹೆಸರು ಹೇಳಿದಳು.